ಕೊನೆಯ ಮೂವತ್ತೊಂದು ಪುಟ

ಜೂನ್ 10, ಮಂಗಳವಾರ

ಬೆಳಿಗ್ಗೆ ಎರಡು ಬ್ಯಾಚ್ ಬ್ರ್ಯಾಕೆಟ್. ಒಂದು ಪಾಸ್. ಇನ್ನೊಂದರಲ್ಲಿ ಮೂರು ಪೀಸಿಗೆ ಅಂಚಿನಲ್ಲಿ ಗೀರು — ಹಳದಿ ಟ್ಯಾಗ್ ಕಟ್ಟಿ ಪಕ್ಕಕ್ಕಿಟ್ಟೆ. ಸೂಪರ್‌ವೈಸರ್ ಮುಖ ಸಿಂಡರಿಸಿದ. ಸಿಂಡರಿಸಲಿ. ವಿಮಾನದೊಳಗೆ ಕೂರುವ ಸಾಮಾನನ್ನು ಅವನ ಮುಖ ನೋಡಿ ಪಾಸ್ ಮಾಡಲಾಗುತ್ತದೆಯೇ?

ಊಟದ ಹೊತ್ತಿಗೆ ಮ್ಯಾನೇಜರ್ ಕ್ಯಾಂಟೀನಿಗೆ ಬಂದರು. ನನ್ನ ಕಪಾಟಿನ ಮುಂದೆ ನಿಂತರು. ಎರಡು ಹಲಗೆ, ಮೂವತ್ತೆಂಟು ಪುಸ್ತಕ, ಎಲ್ಲವೂ ಫ್ಯಾಂಟಸಿ, ಎಲ್ಲವೂ ನಾನೇ ಹೊತ್ತು ತಂದದ್ದು.

"ಮೇಡಂ, ಈ ಡ್ರ್ಯಾಗನ್ ಗೀಗನ್ ಬದ್ಲು ಏನಾದ್ರೂ ಇನ್‌ಸ್ಪೈರಿಂಗ್ ಇಡಿ. ಲೀಡರ್‌ಶಿಪ್ಪು, ಸಕ್ಸಸ್ಸು…"

"ಇದ್ರಲ್ಲಿ ಒಬ್ಳು ಹನ್ನೊಂದ್ ವರ್ಷ ಇಡೀ ಕೋಟೆ ಕಾಯ್ತಾಳೆ ಸರ್. ಒಬ್ಳೇ. ಓದಿ ನೋಡಿ."

"ಒಬ್ಳೇ ಇದ್ರೆ ಯಾರನ್ನ ಲೀಡ್ ಮಾಡ್ತಾಳೆ?"

"ಅದನ್ನೇ ಓದಿ ತಿಳ್ಕೊಳ್ಳಿ ಅಂದಿದ್ದು."

ಓದುವುದಿಲ್ಲ, ಗೊತ್ತು. ಹೋಗುವಾಗ ಒಂದು ಪುಸ್ತಕದಿಂದ ನೇತಾಡುತ್ತಿದ್ದ ಟ್ಯಾಗನ್ನು ಮಾತ್ರ ಬಗ್ಗಿ ಓದಿ ನಕ್ಕರು. ಟ್ಯಾಗುಗಳು ನನ್ನ ಹೆಮ್ಮೆ. ಹಳೇ ಸ್ಟಾಕಿನವು, ಸ್ಕ್ರ್ಯಾಪಿಗೆ ಹೋಗುತ್ತಿದ್ದವು, ಕೇಳಿ ತೆಗೆದುಕೊಂಡೆ. ಹಸಿರು ಅಂದರೆ ಪಾಸ್. ಹಳದಿ ಅಂದರೆ ತಡೆ, ಸರಿಪಡಿಸಬೇಕು. ಕೆಂಪು ಅಂದರೆ ತಿರಸ್ಕೃತ. ಪಾರ್ಟುಗಳಿಗೆ ಕಟ್ಟುವ ಹಾಗೆಯೇ ಪುಸ್ತಕಗಳಿಗೂ ಕಟ್ಟುತ್ತೇನೆ. ಸ್ಟ್ಯಾಂಪ್ ಒತ್ತುವುದಿಲ್ಲ, ಅದು ಕಂಪನಿಯದು. ನನ್ನ ಇನ್‌ಸ್ಪೆಕ್ಟರ್ ನಂಬರ್ ಮಾತ್ರ ಪೆನ್ನಿನಲ್ಲಿ ಬರೆಯುತ್ತೇನೆ — 27.

'ಬೂದಿಯ ಏಣಿ' (ಹೆಸರುಗಳೆಲ್ಲ ಇಂಗ್ಲಿಷಿನವು, ಕನ್ನಡ ನಾನಿಟ್ಟದ್ದು): ಹಸಿರು. "ಮೊದಲ ನಲವತ್ತು ಪುಟ ನಿಧಾನ. ಸಹಿಸಿಕೊಳ್ಳಿ. ನಲವತ್ತೊಂದರಲ್ಲಿ ನದಿ ಮಾತಾಡುತ್ತದೆ. ಆಮೇಲೆ ನಿಮ್ಮ ಸ್ಟಾಪ್ ತಪ್ಪಿಹೋದರೆ ನಾನು ಜವಾಬ್ದಾರಳಲ್ಲ."

'ಒಂಬತ್ತು ಚಂದ್ರರ ಗುಮಾಸ್ತ': ಹಳದಿ. "ಕುದುರೆ ನೀರಿಲ್ಲದೆ ನಾಲ್ಕು ದಿನ ಓಡುತ್ತದೆ. ಬರೆದವರು ಕುದುರೆ ನೋಡಿಲ್ಲ. ಆದರೂ ಗುಮಾಸ್ತನಿಗಾಗಿ ಓದಿ, ಅಂಥ ಜುಗ್ಗ ಮಾಂತ್ರಿಕ ಇನ್ನೆಲ್ಲೂ ಸಿಗುವುದಿಲ್ಲ."

ಸಂಜೆ ತೇಜಶ್ರೀ ಕೇಳಿದಳು. ಹೊಸ ಟ್ರೈನಿ, ನನ್ನ ಕೈಕೆಳಗೇ ಕಲಿಯುತ್ತಿದ್ದಾಳೆ. "ಮೇಡಂ, ಇನ್‌ಸ್ಪೆಕ್ಷನ್ ಅಂದ್ರೆ ಮೇನ್ ಏನು, ಒಂದೇ ಮಾತಲ್ಲಿ ಹೇಳಿ."

"ನೋಡ್ದೇ ಇರೋದಕ್ಕೆ ಸೈನ್ ಹಾಕ್ಬೇಡ," ಅಂದೆ. ಬರೆದುಕೊಂಡಳು.

ಜೂನ್ 13, ಶುಕ್ರವಾರ

ಗಂಡ ಚನ್ನು ಬೆಳಿಗ್ಗೆಯೇ ಶುರು. ಮದುವೆಯಾಗಿ ಹಾವೇರಿಯಿಂದ ಈ ಜೀವನ್ ಬಿಮಾ ನಗರಕ್ಕೆ ಬಂದು ಇಪ್ಪತ್ತೆರಡು ವರ್ಷ. ಇವರ ಭಾಷೆಯೂ ಬದಲಾಗಿಲ್ಲ, ತಕರಾರೂ ಬದಲಾಗಿಲ್ಲ.

"ನಲವತ್ತೇಳು ವಯಸ್ಸಾತು. ಇನ್ನೂ ರಾಕ್ಷಸರ ಕಥಿ ಓದಾಕತ್ತೀಯಲ್ಲ."

"ನೀವು ದಿನಾ ಟಿವ್ಯಾಗ ನೋಡೋರು ಯಾರು ಮತ್ತ?"

ಚಾ ಕುಡಿದು ಪೇಪರ್ ಎತ್ತಿಕೊಂಡರು.

ಫ್ಯಾಕ್ಟರಿಯಲ್ಲಿ ಆಬಿದಾ ಇವತ್ತು ಡಬ್ಬಿಯನ್ನೇ ತೆರೆಯಲಿಲ್ಲ. ಕೈ ಹಿಡಿದು ಗಾಡಿ ನಿಲ್ಲಿಸುವ ಜಾಗಕ್ಕೆ ಎಳೆದುಕೊಂಡು ಹೋದಳು. ಹದಿನಾಲ್ಕು ವರ್ಷದಿಂದ ಗೆಳತಿ, ಅಸೆಂಬ್ಲಿ ಸೆಕ್ಷನ್. ಅವಳ ಕೈ ಇಷ್ಟು ಬಿಸಿ ಇದ್ದದ್ದು ನೋಡಿರಲಿಲ್ಲ.

"ಮನೆ ನೋಡಿದೀನಿ. ಕೆ.ಆರ್. ಪುರಂನಲ್ಲಿ. ಒಂದ್ ರೂಮು, ಒಂದ್ ಅಡುಗೆಮನೆ. ನಾನೊಬ್ಳೇ ಇರ್ತೀನಿ."

ಗಂಡ ತೀರಿಕೊಂಡು ಹದಿನಾರು ವರ್ಷ. ಅಂದಿನಿಂದ ಶಿವಾಜಿನಗರದಲ್ಲಿ ಅಣ್ಣ ಅಕ್ತರ್ ಅವರ ಮನೆ. ಬೆಳಿಗ್ಗೆ ಒಂಬತ್ತು ಜನಕ್ಕೆ ಅಡುಗೆ ಮಾಡಿಟ್ಟು ಶಿಫ್ಟಿಗೆ ಬರುತ್ತಾಳೆ. ಎಲ್ಲರೂ ಟಿವಿ ನೋಡಿ ಎದ್ದ ಮೇಲೆ ಅದೇ ಹಾಲಿನಲ್ಲಿ ಅವಳ ಹಾಸಿಗೆ. ಯಾರೂ ಬೈಯುವುದಿಲ್ಲ. ಯಾರೂ ಏನೂ ಕೇಳುವುದೂ ಇಲ್ಲ.

"ಅಣ್ಣಂಗೆ ಹೇಳ್ದಾ?"

"ನಿನ್ನ ಕೋಟೆಯೋಳು ಯಾರನ್ನ ಕೇಳಿ ಹೋದ್ಲು? ಬಾಗ್ಲು ತೆಗೆದ್ಲು, ಹೋದ್ಲು. ಅವತ್ತು ನೀನು ಹೇಳ್ದಾಗಿಂದ ನಂಗೆ ಅದೇ ತಲೇಲಿದೆ, ಪ್ರತಿಭಾ. ನಾನೂ ಹೋಗ್ತೀನಿ."

ತಬ್ಬಿಕೊಂಡೆ. ಖುಷಿ ತಡೆಯಲಾಗಲಿಲ್ಲ. ಒಂದು ಪುಸ್ತಕ ಒಬ್ಬಳನ್ನು ಎಬ್ಬಿಸಿ ನಿಲ್ಲಿಸಿದೆ — ಮ್ಯಾನೇಜರಿಗೆ ಹೇಳಬೇಕು, ಇನ್‌ಸ್ಪೈರಿಂಗ್ ಅಂದರೆ ಇದು ಅಂತ.

ಆದರೆ ಖುಷಿಯ ಅಡಿಯಲ್ಲಿ ಒಂದು ಕಸಿವಿಸಿ.

ಜೂನ್ 14, ಶನಿವಾರ

ಆ ಕಸಿವಿಸಿ ಏನು ಅಂತ ಇಲ್ಲಿ ಮಾತ್ರ ಬರೆಯುತ್ತೇನೆ.

'ಉಪ್ಪಿನ ಕೋಟೆ'. ಒಂಬತ್ತು ವರ್ಷದ ಹಿಂದೆ ಶಿವಾಜಿನಗರದ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದು. ಕೆರೆಯ ನಡುವೆ ಉಪ್ಪಿನಲ್ಲಿ ಕಟ್ಟಿದ ಕೋಟೆ. ಪ್ರತಿ ಮಳೆಗೂ ಒಂದಿಷ್ಟು ಕರಗುತ್ತದೆ. ಕಾವಲಿಗೆ ಒಬ್ಬಳೇ ಹೆಂಗಸು, ಹಗಲೆಲ್ಲ ಕರಗಿದ ಕಡೆ ಉಪ್ಪು ಮೆತ್ತುತ್ತಾಳೆ. ಬಾಗಿಲು ದಾಟಿದರೆ ಅವಳ ಹೆಸರು ಲೋಕದಲ್ಲಿ ಎಲ್ಲರಿಗೂ ಮರೆತುಹೋಗುತ್ತದೆ, ಅದು ದೊರೆ ಹಾಕಿದ ಶಾಪ. ದೊರೆ ಬರುತ್ತೇನೆ ಎಂದು ಹೋದವನು ಬಂದಿಲ್ಲ. ಹನ್ನೊಂದನೆಯ ವರ್ಷ ದೊಡ್ಡ ಮಳೆ. ಅವಳು ಅಗುಳಿಯ ಮೇಲೆ ಕೈ ಇಡುತ್ತಾಳೆ.

ನನ್ನ ಪ್ರತಿ ಅಲ್ಲಿಗೆ ಮುಗಿಯುತ್ತದೆ. ಪುಟ 412. ಮುಂದಿನ ಹಾಳೆಗಳನ್ನು ಯಾರೋ ಕಿತ್ತಿದ್ದಾರೆ.

ಹುಡುಕಬಹುದಿತ್ತು, ಹುಡುಕಲಿಲ್ಲ. ಅವಳು ಹೋಗಿಯೇ ಹೋಗುತ್ತಾಳೆ ಎಂದು ನನಗೆ ಅಷ್ಟು ಖಾತ್ರಿ. ಈ ವರ್ಷ ಊಟದ ಅರ್ಧ ಗಂಟೆಯಲ್ಲಿ ಆರು ವಾರ ಇಡೀ ಪುಸ್ತಕವನ್ನು ಕನ್ನಡದಲ್ಲಿ ಹೇಳಿದೆ — ಆಬಿದಾಗೆ, ತೇಜಶ್ರೀಗೆ, ಕ್ಯಾಂಟೀನ್ ಅಡುಗೆಯ ಇಮಾಮ್ ಬೀಗೆ. ಕೊನೆಯ ದಿನ ಬಾಯಿ ತಾನಾಗಿ ಮುಂದೆ ಹೋಯಿತು. ಅವಳು ಬಾಗಿಲು ತೆಗೆದಳು, ನೀರಿಗಿಳಿದಳು, ಆಚೆ ದಡದಲ್ಲಿ ಮೊದಲು ಸಿಕ್ಕವಳಿಗೆ ತನ್ನ ಹೆಸರು ತಾನೇ ಹೇಳಿದಳು. ಇಮಾಮ್ ಬೀ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆಬಿದಾ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಪುಸ್ತಕಕ್ಕೆ ಹಸಿರು ಟ್ಯಾಗ್ ಕಟ್ಟಿದೆ. 27.

ಜೂನ್ 23, ಸೋಮವಾರ

ಕೆಟ್ಟ ದಿನ.

ಆಬಿದಾ ಮನೆಯಲ್ಲಿ ಕಥೆ ಹೇಳಿದ್ದಾಳೆ. ಅಣ್ಣನ ಮಗಳು ಮೆಹ್ವಿಶ್, ಡಿಗ್ರಿ ಓದುತ್ತಿದ್ದಾಳೆ, ಚುರುಕು. ಫೋನಿನಲ್ಲಿ ಪುಸ್ತಕ ಹುಡುಕಿ ಪೂರ್ತಿ ಓದಿದಳಂತೆ. ನಿನ್ನೆ ಎಲ್ಲರೂ ಊಟಕ್ಕೆ ಕೂತಾಗ ಕೊನೆ ಏನು ಎಂದು ಹೇಳಿಬಿಟ್ಟಳು. ಮನೆ ಮಾಡುವ ವಿಷಯ ಆಬಿದಾ ಅದೇ ಊಟದಲ್ಲಿ ಎತ್ತಿದ್ದಳು. ಅಕ್ತರ್ ಭಾಯ್ ನಕ್ಕರಂತೆ — ನಿನ್ನ ಕಿತಾಬಿನವಳೂ ಇದ್ದಲ್ಲೇ ಇದ್ದಳಲ್ಲ, ನೀನೂ ಇರು ಅಂತ.

ಇದನ್ನೆಲ್ಲ ಆಬಿದಾ ಇನ್‌ಸ್ಪೆಕ್ಷನ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ಬರಲಿಲ್ಲ.

"ಕೊನೇದು ನೀನು ಓದಿದ್ಯಾ?"

"ಇಲ್ಲ. ಹಾಳೆ ಇರ್ಲಿಲ್ಲ."

"ಟ್ಯಾಗ್ ಹಾಕಿದ್ದೆ."

"ಹೂಂ."

"ಇಪ್ಪತ್ತೇಳು ಅಂತ ಬರ್ದಿದ್ದೆ."

"ಆಬಿದಾ, ಅವ್ಳು ಹೋಗ್ಬೇಕಿತ್ತು ಕಣೇ. ಅದೇ ಸರಿ."

"ಸರಿನೋ ತಪ್ಪೋ ನಂಗೆ ಬೇಡ. ನಾನು ಪುಸ್ತಕ ನಂಬಿರ್ಲಿಲ್ಲ. ನಿನ್ನ ನಂಬಿದ್ದೆ. ನೀನು ಪಾಸ್ ಅಂದ್ರೆ ಅದು ಮೇಲೆ ಹಾರತ್ತೆ, ಬೀಳಲ್ಲ ಅಂತ." ಧ್ವನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಚೆನ್ನಾಗಿತ್ತು. "ಮನೆ ಬೇಡ ಅಂತ ಓನರ್‌ಗೆ ಫೋನ್ ಮಾಡ್ತೀನಿ."

ತೇಜಶ್ರೀ ಪಕ್ಕದ ಟೇಬಲ್ಲಿನಲ್ಲಿ ಅಳತೆಯ ಗೇಜ್ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಜೂನ್ 24, ಮಂಗಳವಾರ

ರಜೆ ಹಾಕಿದೆ. ಇಂದಿರಾನಗರದ ಅಂಗಡಿಯಲ್ಲಿ ಹೊಸ ಪ್ರತಿ ಇತ್ತು. ಮನೆಗೆ ಬರುವ ತನಕ ತಾಳ್ಮೆ ಇರಲಿಲ್ಲ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಓದಿದೆ. 413ರಿಂದ 443. ಮೂವತ್ತೊಂದು ಪುಟ.

ಅವಳು ಅಗುಳಿಯಿಂದ ಕೈ ತೆಗೆಯುತ್ತಾಳೆ. ಕೂರುತ್ತಾಳೆ. ಮಳೆ ನಿಲ್ಲುತ್ತದೆ. ಕೋಟೆ ಉಳಿಯುತ್ತದೆ. ದೊರೆ ಬರುತ್ತಾನೆ, ನೀನು ಇದ್ದೇ ಇರುತ್ತೀಯ ಎಂದು ನನಗೆ ಗೊತ್ತಿತ್ತು ಅನ್ನುತ್ತಾನೆ. ಮುಗಿಯಿತು.

ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ದುಡಿದವಳಿಗೆ ಬೆನ್ನು ತಟ್ಟಿದರೆ ಸಾಕೇ? ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ಆಚೆ ಹೋದಳು. ನಾನು ಬಾಯಿಬಿಟ್ಟೇ ಬೈದಿರಬೇಕು.

ಪ್ರಾಮಾಣಿಕವಾಗಿ ಬರೆಯುತ್ತೇನೆ: ಚೆನ್ನಾಗಿ ಬರೆದಿದ್ದಾರೆ. ಮಳೆ ನಿಲ್ಲುವ ಪುಟವನ್ನು ಎರಡು ಸಲ ಓದಿದೆ. ಅದಕ್ಕೇ ಇನ್ನಷ್ಟು ಸಿಟ್ಟು.

ಮಾಡಿದ್ದು ತಪ್ಪು. ನೋಡದ್ದಕ್ಕೆ ಸಹಿ ಹಾಕಿದೆ, ಅದೂ ಗೆಳತಿಯ ಬದುಕಿನ ಮೇಲೆ. ಆದರೆ ನಾನು ಹೇಳಿದ ಕೊನೆ ತಪ್ಪಲ್ಲ. ಬೇಕಾದರೆ ಬರೆದವರೇ ಬಂದು ಎದುರು ಕೂರಲಿ, ವಾದಿಸುತ್ತೇನೆ. ಎರಡೂ ಮಾತು ಒಟ್ಟಿಗೆ ನಿಜ. ಒಂದಕ್ಕಾಗಿ ಇನ್ನೊಂದನ್ನು ಬಿಡುವುದಿಲ್ಲ.

ಜುಲೈ 4, ಶುಕ್ರವಾರ

ಹತ್ತು ದಿನ ಬರೆಯಲಿಲ್ಲ. ಆಬಿದಾ ಬೇರೆ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಾಳೆ, ನನ್ನ ಕಡೆ ಬೆನ್ನು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಡಬ್ಬಿಯ ಪಲ್ಯವನ್ನು ನಾನೇ ಪೂರ್ತಿ ತಿಂದೆ.

ಬುಧವಾರ ಎದ್ದು ನಿಂತೆ. ಕ್ಯಾಂಟೀನಿನಲ್ಲಿ ಮೂವತ್ತು ಜನ. ಹೇಳಿಬಿಟ್ಟೆ. "ಉಪ್ಪಿನ ಕೋಟೆ ಕೊನೇದು ನಾನು ಓದಿರ್ಲಿಲ್ಲ. ಸ್ವಂತ ಕಟ್ಟಿ ಹೇಳ್ದೆ. ಓದಿದೀನಿ ಅನ್ನೋ ಥರ ಹೇಳ್ದೆ. ಅದು ಸುಳ್ಳು. ಇವತ್ತಿಂದ ಇರೋದನ್ನ ಇದ್ದ ಹಾಗೆ ಓದ್ತೀನಿ."

ಹಸಿರು ಟ್ಯಾಗ್ ಕಿತ್ತು ಕೆಂಪು ಕಟ್ಟಿದೆ. ಕಾರಣದ ಜಾಗದಲ್ಲಿ: "ದೋಷ ಪುಸ್ತಕದ್ದಲ್ಲ. ಇನ್‌ಸ್ಪೆಕ್ಟರ್ 27 ನೋಡದೆ ಸಹಿ ಹಾಕಿದ್ದಾಳೆ."

ಮೂರು ಮಧ್ಯಾಹ್ನ ಓದಿದೆ. ಸಾಲು ಸಾಲಾಗಿ ಕನ್ನಡ ಮಾಡುತ್ತಾ, ಒಂದು ಶಬ್ದ ಬಿಡದೆ, ಒಂದು ಸೇರಿಸದೆ. ದೊರೆಯ ಮಾತನ್ನೂ ಮೆತ್ತಗೆ ಮಾಡಲಿಲ್ಲ, ಖಾರವೂ ಮಾಡಲಿಲ್ಲ. ನಾಲಿಗೆ ಕಚ್ಚಿಕೊಂಡು ಓದಿದೆ.

ಇವತ್ತು ಮುಗಿದಾಗ ಇಮಾಮ್ ಬೀ ಸೌಟು ಕೆಳಗಿಟ್ಟರು. "ಅಯ್ಯೋ ಅಲ್ಲಾ! ಇಷ್ಟಕ್ಕಾ ಆರ್ ವಾರ ಕೂರ್ಸಿದ್ದು? ಆ ರಾಜಂಗೆ ಕಾವಲು ಬೇಕಿದ್ರೆ ಒಂದ್ ನಾಯಿ ಸಾಕ್ಲಿ."

ಎಲ್ಲರೂ ನಕ್ಕರು. ತೇಜಶ್ರೀ ನಗಲಿಲ್ಲ. "ನಂಗೆ ಇದೇ ಇಷ್ಟ ಆಯ್ತು ಮೇಡಂ. ಅವ್ಳಿಗೆ ಕೋಟೆ ಅಂದ್ರೆ ಪ್ರೀತಿ ಇರ್ಬಹುದಲ್ವಾ? ಹನ್ನೊಂದ್ ವರ್ಷ ಅವ್ಳೇ ಮೆತ್ತಿದ್ದು. ಯಾಕ್ ಬಿಟ್ಟೋಗ್ಬೇಕು?"

"ಪ್ರೀತಿ ಇದ್ರೆ ಶಾಪ ಯಾಕೆ?" ಅಂದೆ.

"ಅದು ಹಾಕಿದ್ದು ಅವ್ನು. ಪ್ರೀತಿ ಅವ್ಳದು."

ಗಂಟೆ ಹೊಡೆಯುವ ತನಕ ಜಗಳ. ಅಕೌಂಟ್ಸಿನವರೂ ಸೇರಿಕೊಂಡರು. ಮ್ಯಾನೇಜರ್ ಬಾಗಿಲಿಂದ ಇಣುಕಿ, ಗಲಾಟೆ ಆಗುವುದಾದರೆ ಕಪಾಟು ತೆಗೆಸುತ್ತೇನೆ ಅಂದರು. "ಈ ಅರ್ಧ ಗಂಟೆ ನಮ್ದು ಸರ್," ಅಂದರು ಇಮಾಮ್ ಬೀ. ನಾನಲ್ಲ, ಅವರೇ! ಮುದ್ದಾಡಬೇಕು ಅನ್ನಿಸಿತು.

ಮೊದಲ ದಿನ ಬೆನ್ನು ಹಾಕಿ ಕೂತಿದ್ದ ಆಬಿದಾ ಇವತ್ತು ಕುರ್ಚಿಯನ್ನು ಈ ಕಡೆ ತಿರುಗಿಸಿದ್ದಳು.

ಜುಲೈ 9, ಬುಧವಾರ

ಶಿಫ್ಟ್ ಬಿಡುವಾಗ ಗೇಟಿನ ಹತ್ತಿರ ಆಬಿದಾ ನಿಂತಿದ್ದಳು.

"ಭಾನುವಾರ ಫ್ರೀನಾ?"

"ಫ್ರೀ."

"ಓನರ್ ಇನ್ನೂ ಮನೆ ಯಾರಿಗೂ ಕೊಟ್ಟಿಲ್ಲ. ಆಷಾಢ ಅಲ್ವಾ, ಯಾರೂ ಬರ್ತಿಲ್ವಂತೆ. ಬಂದು ನೋಡು. ಫ್ರೆಂಡ್ ಆಗಿ ಬರ್ಬೇಡ. ಇಪ್ಪತ್ತೇಳಾಗಿ ಬಾ."

ಬಸ್ಸಿನಲ್ಲಿ ಕೂತು ಅತ್ತೆ. ಕಂಡಕ್ಟರ್ ಟಿಕೆಟ್ ಕೇಳುವುದನ್ನೇ ಬಿಟ್ಟ. ಆಮೇಲೆ ನಾನೇ ಕರೆದು ಆಧಾರ್ ತೋರಿಸಿ ಗುಲಾಬಿ ಟಿಕೆಟ್ ತೆಗೆದುಕೊಂಡೆ.

ಜುಲೈ 13, ಭಾನುವಾರ

ಟಾರ್ಚು, ಸ್ಟೀಲ್ ಸ್ಕೇಲು, ಟ್ಯಾಗುಗಳು. ಚನ್ನು ಕೇಳಿದರು, ರಜಾದಾಗೂ ಡ್ಯೂಟಿ ಏನು ಅಂತ. ಹೌದು ಅಂದೆ.

ಓನರ್ ಅಮ್ಮನ ಮನೆಯ ಹಿಂದೆ, ಮೊದಲ ಮಹಡಿ. ಕಿಟಕಿ ಪೂರ್ವಕ್ಕೆ, ರೈಲು ಹಳಿ ಕಾಣುತ್ತದೆ, ಬೆಳಕು ಧಾರಾಳ. ಒಳಗೆ ಕಾಲಿಟ್ಟ ಕೂಡಲೇ ಪಾಸ್ ಅನ್ನಬೇಕು ಅನ್ನಿಸಿತು. ಬಾಯಿಯ ತುದಿಗೇ ಬಂದಿತ್ತು. ಅವಳು ಇಲ್ಲಿ ಬಂದು ಇರಲಿ ಎಂಬ ಆಸೆ ನನಗೆ ಅವಳಿಗಿಂತ ಹೆಚ್ಚಿತ್ತೋ ಏನೋ.

ಬಾಯಿ ಮುಚ್ಚಿಕೊಂಡು ನೋಡಿದೆ. ಬಾತ್‌ರೂಮಿನ ಗೋಡೆ ಒದ್ದೆ, ಬೆರಳಿಟ್ಟರೆ ಸುಣ್ಣ ಬರುತ್ತದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆ. ನೀರು ದಿನ ಬಿಟ್ಟು ದಿನ. ಮುಂಬಾಗಿಲಿನ ಚಿಲಕ — ಆಬಿದಾಗೆ ಒಳಗಿನಿಂದ ಹಾಕಲು ಹೇಳಿ, ಹೊರಗಿನಿಂದ ಭುಜ ಕೊಟ್ಟು ತಳ್ಳಿದೆ. ತೆರೆದುಕೊಂಡಿತು.

"ಒಬ್ಳೇ ಇರೋಳಿಗೆ ಈ ಚಿಲಕ ಸಾಲಲ್ಲ," ಅಂದೆ. ಹಳದಿ.

ಓನರ್ ಅಮ್ಮನಿಗೆ ಸಿಟ್ಟು ಬರಲಿಲ್ಲ. "ಆಷಾಢ ಕಳೀಲಿ ಕಣಮ್ಮ. ಅಷ್ಟ್ರೊಳಗೆ ಎಲ್ಲಾ ಮಾಡಿಸ್ತೀನಿ. ಬರ್ಕೊಡು." ಬರೆದುಕೊಟ್ಟೆ.

"ಇನ್ನೇನಿದೆ? ಎಲ್ಲಾ ಹೇಳು," ಅಂದಳು ಆಬಿದಾ.

"ಭಾನುವಾರ ಸಂಜೆ ಇಲ್ಲಿ ಹೇಗಿರತ್ತೆ, ಜ್ವರ ಬಂದಾಗ ಹೇಗಿರತ್ತೆ, ಅದು ನನ್ನ ಕೈಲಿ ಅಳೆಯಕ್ಕಾಗಲ್ಲ. ಕಷ್ಟ ಆಗ್ಬಹುದು."

"ಅದು ನಾನ್ ನೋಡ್ಕೋತೀನಿ."

ಕಿಟಕಿಯಲ್ಲಿ ನಿಂತು ಒಂದು ಗೂಡ್ಸ್ ಗಾಡಿ ಪೂರ್ತಿ ಹೋಗುವ ತನಕ ನೋಡಿದಳು. ನಾನು ತಡೆಯಲಾರದೆ ಕೇಳಿದೆ, ಆ ಕೋಟೆಯವಳ ಬಗ್ಗೆ ಈಗ ಏನನ್ನಿಸುತ್ತದೆ ಅಂತ.

"ಇರ್ಲಿ ಬಿಡು ಅಲ್ಲೇ, ಅವ್ಳಿಷ್ಟ," ಅಂದಳು. "ನಾನು ಅವ್ಳಲ್ಲ."

ಜುಲೈ 22, ಮಂಗಳವಾರ

ಸಂಜೆ ಕೆ.ಆರ್. ಪುರಂ. ಹೊಸ ಚಿಲಕ, ಜೊತೆಗೆ ಒಳಗಿನಿಂದ ಅಡ್ಡಪಟ್ಟಿ. ಆರು ಸಲ ತಳ್ಳಿದೆ, ಭುಜ ನೋವು. ಗೋಡೆ ಕೆರೆದು ಮತ್ತೆ ಗಾರೆ ಮಾಡಿಸಿದ್ದಾರೆ, ಒಣಗಿದೆ. ನಲ್ಲಿ ಸರಿ. ನೀರು ದಿನ ಬಿಟ್ಟು ದಿನವೇ, ಅದನ್ನೂ ಬರೆದೆ. ಹಸಿರು. 27. ಆಬಿದಾ ಎರಡು ಸಲ ಓದಿ ಪರ್ಸಿನಲ್ಲಿ ಇಟ್ಟುಕೊಂಡಳು.

ಅಣ್ಣನ ಮನೆಯಲ್ಲಿ ಹೇಳಿಯಾಗಿದೆ. ಅಕ್ತರ್ ಭಾಯ್ ಎರಡು ದಿನ ಊಟ ಬಿಟ್ಟರಂತೆ. ಜನ ಏನಂತಾರೆ, ತಂಗಿಯನ್ನು ಹೊರಗೆ ಹಾಕಿದ ಅಂತಾರೆ ಅಂತ. "ಜನ್ರಿಗೆ ನಾನೇ ಹೇಳ್ತೀನಿ, ಯಾರೂ ಹಾಕಿಲ್ಲ, ನಾನೇ ಹೊರಟಿದ್ದು ಅಂತ," ಅಂದಳಂತೆ ಇವಳು.

ಮೆಹ್ವಿಶಳಿಂದ ನನಗೆ ಮೆಸೇಜ್: "ಸಾರಿ ಆಂಟಿ. ಆಬಿದಾ ಫೂಫಿ ಪ್ಲ್ಯಾನ್ ಹಾಳು ಮಾಡ್ಬೇಕು ಅಂತ ಹೇಳಿದ್ದಲ್ಲ. ಇನ್ನೊಂದ್ ಬುಕ್ ಹೇಳಿ ಪ್ಲೀಸ್. ನೀವು ಫುಲ್ ಓದಿರೋದು." ಈ ಕಾಲದ ಮಕ್ಕಳ ನಾಲಿಗೆ! 'ಬೂದಿಯ ಏಣಿ' ಓದು, ನಲವತ್ತು ಪುಟ ತಡ್ಕೋ ಅಂತ ಉತ್ತರಿಸಿದೆ. ಒಂದು ಗಂಟೆಯಲ್ಲಿ ವಾಪಸ್: "ಪೇಜ್ 41!!!"

ಜುಲೈ 27, ಭಾನುವಾರ, ಬೆಳಿಗ್ಗೆ 9:40

ಶಿವಾಜಿನಗರ. ಗೂಡ್ಸ್ ಆಟೋದಲ್ಲಿ ಡ್ರೈವರ್ ಪಕ್ಕ ಕೂತು ಬರೆಯುತ್ತಿದ್ದೇನೆ. ಗಲ್ಲಿ ತುಂಬ ಜನ, ನಮ್ಮ ಹಿಂದೆ ಎರಡು ಸ್ಕೂಟರ್ ಹಾರ್ನ್ ಹೊಡೆಯುತ್ತಿವೆ. ಹೊಡೆಯಲಿ.

ಇಳಿಯಬೇಡ ಅಂದಿದ್ದಾಳೆ. "ನೀನು ಬಾಗ್ಲ ಹತ್ರ ಬಂದ್ರೆ ನೀನೇ ಕರ್ಕೊಂಡ್ ಹೋದೆ ಅಂತಾರೆ. ನಾನಾಗೇ ಆಚೆ ಬರ್ತೀನಿ. ಅಲ್ಲಿ ತನಕ ಕೂತಿರು." ಕೂತಿದ್ದೇನೆ. ನನ್ನ ಜನ್ಮದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ.

9:55. ಮೆಹ್ವಿಶ್ ಕುಕ್ಕರು, ಎರಡು ಬಕೆಟ್, ಹಾಸಿಗೆ ತಂದಿಟ್ಟು ಒಳಗೆ ಹೋದಳು.

10:05. ಬಾಗಿಲಲ್ಲಿ ಆಬಿದಾ. ಎರಡೂ ಕೈಯಲ್ಲಿ ಟ್ರಂಕ್. ಹಿಂದೆ ಅಕ್ತರ್ ಭಾಯ್. ತಡೆಯುತ್ತಿಲ್ಲ, ಎತ್ತಿಕೊಡುತ್ತಲೂ ಇಲ್ಲ. ದಖ್ನಿ ಉರ್ದುವಿನಲ್ಲಿ ಮಾತಾಡುತ್ತಿದ್ದಾರೆ, ಕೇಳಿದಷ್ಟನ್ನೇ ಕನ್ನಡದಲ್ಲಿ ಬರೆಯುತ್ತೇನೆ, ನನ್ನದೇನೂ ಸೇರಿಸದೆ.

"ಸಂಜೆ ವಾಪಸ್ ಬರ್ತೀಯಲ್ಲ?"

"ಇಲ್ಲ ಭಾಯ್. ಈದ್‌ಗೆ ಬರ್ತೀನಿ. ಅಡುಗೆ ನೀವ್ ಮಾಡ್ಸಿ, ನಾನ್ ಕೂತು ತಿಂತೀನಿ."

ಇಡೀ ಗಲ್ಲಿಗೆ ಕೇಳಿಸಿತು. ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡುತ್ತಿದ್ದಾಳೆ. ಆಬಿದಾ ಒಂದು ಕಾಲು ಮೆಟ್ಟಿಲಿಗಿಟ್ಟಳು. ಇನ್ನೊಂದು. ಟ್ರಂಕ್ ಧೊಪ್ಪೆಂದು ಬೀದಿಗೆ ಬಿತ್ತು. ಅದರ ಪಕ್ಕ ಅವಳು, ಸೊಂಟದ ಮೇಲೆ ಕೈ, ಈ ಕಡೆಗೇ ನೋಡುತ್ತಿದ್ದಾಳೆ.

ಆಚೆ ಬಂದಾಯಿತು. ಇನ್ನು ನಾನು ಇಳಿಯಬಹುದು. ಆ ಟ್ರಂಕು ಒಬ್ಬಳಿಂದ ಎತ್ತಲು ಆಗು—